ಬೂದಿ ಬಣ್ಣದ ಸಕ್ಕರೆ ಅಚ್ಚು

ಹೆಂಡತಿ ನನ್ನ ಮಾತನ್ನು ಅಲ್ಲಗಳೆದರೆ ನನಗೆ ಬೇಸರವಿಲ್ಲ, ರೂಢಿಯಾಗಿದೆ. ಆಫೀಸಿನಲ್ಲಿ ಮ್ಯಾನೇಜರ್ ಅಲ್ಲಗಳೆದರೂ ಸರಿ, ಅವನಿಗೆ ಸಂಬಳ ಬರುವುದೇ ಅದಕ್ಕೆ. ಆದರೆ ನಾನೇ ಆಸೆಪಟ್ಟು ಕೊಂಡು ತಂದ ಕ್ಯಾಮೆರಾಕ್ಕೆ ಏನು ಅಧಿಕಾರ ಅಂತೀನಿ? ಎದುರಿಗೆ ಹಾಲು ಚೆಲ್ಲಿದ ಹಾಗೆ ಹಿಮ ಬಿದ್ದಿದ್ದರೆ, ಅದು ಒಲೆಯ ಬೂದಿ ಎಂದು ಸಾಧಿಸುತ್ತದಲ್ಲ!

ನಾವಿರುವ ಡಚ್ಚರ ನಾಡಿನ ನ್ಯೂವೆಗೈನ್‌ನಲ್ಲಿ ಹಿಮ ಎಂದರೆ ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಹೊರಡುವ ನೆಂಟ. ಬೆಳಿಗ್ಗೆ ಬಂದು ರೈಲುಗಳನ್ನು ತಡಮಾಡಿ, ಸೈಕಲ್ಲಿನವರನ್ನು ಜಾರಿಸಿ, ಊಟದ ಹೊತ್ತಿಗೆ ಕೆಸರಾಗಿರುತ್ತದೆ. ಅಂಥದ್ದು ಈ ಸಲ ಸಂಕ್ರಾಂತಿಯ ದಿನವೇ ನಮ್ಮ ಹಿತ್ತಿಲಿನ ಮೇಜಿನ ಮೇಲೆ ನಾಲ್ಕು ಬೆರಳು ಬಿತ್ತು. ಹಬ್ಬಕ್ಕೆಂದು ನಮ್ಮತ್ತೆ ಮೈಸೂರಿನಿಂದ ಸಕ್ಕರೆ ಅಚ್ಚು ಕಳಿಸಿದ್ದರು. ಪಾಕಕ್ಕೆ ಹಾಲು ಹಾಕಿ, ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ ಮಾಡಿದ ಆನೆ, ಗಿಳಿ, ಗೋಪುರ. ಅಚ್ಚು ಬೆಳ್ಳಗಿರುವುದೇ ಅವರ ಮರ್ಯಾದೆ. ಹೋದ ವರ್ಷ ಅವರ ಓರಗಿತ್ತಿ, "ಅಕ್ಕ, ಅಚ್ಚು ಸ್ವಲ್ಪ ಮಾಸಲು ಅಲ್ವಾ?" ಎಂದದ್ದು ಇನ್ನೂ ಚುಚ್ಚುತ್ತಲೇ ಇತ್ತು.

ಹಿಮದ ಸುದ್ದಿ ಕೇಳಿದ್ದೇ ಅತ್ತೆ ಫೋನು ಮಾಡಿದರು. "ಅಳಿಯಂದ್ರೇ, ಅಚ್ಚನ್ನ ಹಿಮದ ಮೇಲೇ ಜೋಡ್ಸಿ ಒಂದು ಫೋಟೋ ಕಳ್ಸಿ. ಗ್ರೂಪಲ್ಲಿ ಎಲ್ಲಾರೂ ನೋಡ್ಲಿ." ಎಲ್ಲಾರೂ ಎಂದರೆ ಓರಗಿತ್ತಿ.

"ಫೋನಲ್ಲೇ ತೆಗೀರಿ ರೀ, ಕರಗೋಗತ್ತೆ" ಎಂದಳು ಹೆಂಡತಿ ಸುಮಾ. ಮನೆಯಲ್ಲಿ ಹೊಸ ಕ್ಯಾಮೆರಾ ಇರುವಾಗ ಫೋನೇ? ನನಗೆ ಅವಮಾನವಾಯಿತು. ಆನೆ, ಗಿಳಿಗಳ ಪಕ್ಕಕ್ಕೆ ಕಬ್ಬು, ಬಾಳೆಹಣ್ಣು, ಎಳ್ಳುಬೆಲ್ಲದ ಬಟ್ಟಲು ಇಟ್ಟು ಕ್ಲಿಕ್ಕಿಸಿ, ಆ ಪ್ರಖರ ಬೆಳಕಿನಲ್ಲಿ ಸರಿಯಾಗಿ ನೋಡದೆ ಫೋನಿಗೆ ಇಳಿಸಿ ಅತ್ತೆಗೆ ಕಳಿಸಿದೆ. ಒಳಗೆ ಬಂದು ನೋಡಿದರೆ ಹಿಮವೆಲ್ಲ ಬೂದಿ. ಸಕ್ಕರೆಯ ಆನೆ ನಿಜವಾದ ಆನೆಯ ಬಣ್ಣಕ್ಕೆ ತಿರುಗಿತ್ತು.

"ಇದೇನು ಅಳಿಯಂದ್ರೇ, ಸಿಮೆಂಟಲ್ಲಿ ಮಾಡಿದ ಹಾಗಿದೆ! ಗ್ರೂಪಿಗೆ ಮಾತ್ರ ಹಾಕ್ಬೇಡಿ, ಕೈ ಮುಗೀತೀನಿ." ಅತ್ತೆ ತಕ್ಷಣ ಫೋನು ಮಾಡಿದ್ದರು.

ಹಿಮ ಕಣ್ಣು ಕುಕ್ಕುತ್ತಿದೆಯಲ್ಲ, ಬೆಳಕು ಕಡಿಮೆ ಮಾಡೋಣ ಎಂದು ಗುಂಡಿಯನ್ನು ಮೈನಸ್ ಕಡೆಗೆ ತಿರುಗಿಸಿದೆ. ಆನೆ ಇನ್ನೂ ಕಪ್ಪಾಯಿತು. ಡೆಲ್ಫ್ಟ್‌ನಲ್ಲಿ ಪಿಎಚ್‌ಡಿ ಮಾಡುವ, ಫೋಟೋ ಹುಚ್ಚಿನ ಗೆಳೆಯ ಕಿರಣನಿಗೆ ಫೋನು ಹಚ್ಚಿದೆ.

"ಕ್ಯಾಮೆರಾಗೆ ಬಿಳಿ ಅಂದ್ರೇನು ಅಂತ ಗೊತ್ತಿಲ್ಲ ಕಣೋ. ಎದುರಿಗಿರೋದೆಲ್ಲ ಬೂದು ಬಣ್ಣ ಅಂದ್ಕೊಂಡೇ ಅಳತೆ ಮಾಡುತ್ತೆ. ಹಿಮ ನೋಡಿ ಬೆಳಕು ಜಾಸ್ತಿ ಆಯ್ತು ಅಂತ ಹೆದರಿ ತಾನೇ ಕತ್ತಲೆ ಮಾಡುತ್ತೆ. ನೀನು ಪ್ಲಸ್ ಕಡೆ ತಿರುಗಿಸು. ಒಂದು, ಒಂದೂವರೆ ಸಾಕು."

ನನಗೆ ಉರಿದುಹೋಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಮನುಷ್ಯರಿಗೆ. ಈ ಡಬ್ಬಿ ಅದನ್ನು ಬಾಯಿಪಾಠ ಮಾಡಿಕೊಂಡು ಕೂತಿದೆಯಲ್ಲ! ಬಿಳಿಯನ್ನು ಬಿಳಿ ಎನ್ನಲಾರದ ಯಂತ್ರಕ್ಕೆ ಇಷ್ಟೊಂದು ಗುಂಡಿಗಳೇಕೆ? ಸಾಲದ್ದಕ್ಕೆ, ಕಣ್ಣು ಕುಕ್ಕುವ ಬೆಳಕಿಗೆ ಇನ್ನಷ್ಟು ಬೆಳಕು ಸೇರಿಸಬೇಕಂತೆ. ಉಪ್ಪು ಹೆಚ್ಚಾದ ಸಾರಿಗೆ ಇನ್ನೊಂದು ಹಿಡಿ ಉಪ್ಪು ಸುರಿ ಎಂದ ಹಾಗಾಯಿತು.

ಅಷ್ಟರಲ್ಲಿ ಸೂರು ತೊಟ್ಟಿಕ್ಕತೊಡಗಿತ್ತು. "ರೀ, ಗಿಳಿ ಕಾಲು ಕರಗ್ತಿದೆ!" ಎಂದು ಸುಮಾ ಕೂಗಿದಳು. ಒಂದೂವರೆಯಂತೆ, ಒಂದೂವರೆ! ಹಲ್ಲು ಕಚ್ಚಿ ಗುಂಡಿಯನ್ನು ಪ್ಲಸ್ ಕಡೆಗೆ ಕೊನೆಯವರೆಗೂ ತಿರುಗಿಸಿ ಒಂದು ಕ್ಲಿಕ್ ಮಾಡಿದೆ. ಅವಳು ಅಚ್ಚುಗಳನ್ನು ಸೆರಗಿಗೆ ಹಾಕಿಕೊಂಡು ಒಳಗೆ ಓಡಿದಳು.

ಫೋಟೋದಲ್ಲಿ ಕಬ್ಬು ಇತ್ತು, ಬಾಳೆಹಣ್ಣು ಇತ್ತು, ಎಳ್ಳಿನ ಬಟ್ಟಲು ಇತ್ತು. ಆನೆ, ಗಿಳಿ, ಗೋಪುರ ಒಂದೂ ಇರಲಿಲ್ಲ. ಬೆಳ್ಳನೆಯ ಹಿಮದಲ್ಲಿ ಎಲ್ಲ ಕರಗಿಹೋಗಿದ್ದವು. ಅಳಿಸಿಬಿಡೋಣ ಎನ್ನುವಷ್ಟರಲ್ಲಿ ಸುಮಾ, "ಅಮ್ಮ ಕಾಯ್ತಿದಾರೆ" ಎಂದು ನೇರ ಗ್ರೂಪಿಗೇ ಹಾಕಿಬಿಟ್ಟಳು. ಅತ್ತೆಯ ಮರ್ಯಾದೆ ಮುಗಿಯಿತು ಎಂದು ತಲೆಯ ಮೇಲೆ ಕೈಹೊತ್ತು ಕೂತೆ.

ಸ್ವಲ್ಪ ಹೊತ್ತಿಗೆ ಗ್ರೂಪಿನಲ್ಲಿ ಅತ್ತೆಯ ಧ್ವನಿ ಮೊಳಗಿತು. "ನೋಡಿದ್ರಾ ಎಲ್ಲಾರೂ? ಯಾವುದು ಹಿಮ, ಯಾವುದು ನಮ್ಮನೆ ಅಚ್ಚು, ಗೊತ್ತೇ ಆಗಲ್ಲ!"

ಓರಗಿತ್ತಿ ಬರೆದರು: "ನಿಜ ಅಕ್ಕ. ಪಾಕಕ್ಕೆ ಎಷ್ಟು ಹಾಲು ಹಾಕಿದ್ರಿ?"

ಹಾಲಿನ ಅಳತೆಯ ಬಗ್ಗೆ ಆ ಗ್ರೂಪಿನಲ್ಲಿ ಚರ್ಚೆ ಇನ್ನೂ ನಡೆಯುತ್ತಿದೆ. ಎಷ್ಟು ಪ್ಲಸ್ ಹಾಕಿದಿರಿ ಎಂದು ನನ್ನನ್ನು ಒಬ್ಬರಾದರೂ ಕೇಳಬೇಡವೇ?