ಎಪ್ಪತ್ತೆರಡು ತಾಸು, ಆರು ಊಟ

ದೇಶ ದೇಶಗಳ ಗಡಿ, ವೀಸಾ, ಪಾಸ್‌ಪೋರ್ಟುಗಳ ವಿಷಯದಲ್ಲಿ ಬಾದಾಮಿಯಲ್ಲಿ ನನ್ನಷ್ಟು ತಿಳಿದವನು ಇನ್ನೊಬ್ಬನಿಲ್ಲ ಎಂದು ನಾನು ಮನಸಾರೆ ನಂಬಿದ್ದೆ. ನಂಬದಿರಲು ಕಾರಣವೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಗುಹೆಗಳ ಮುಂದೆ ನಿಂತು ಗೈಡ್ ಕೆಲಸ ಮಾಡಿದವನು ನಾನು. ಫ್ರಾನ್ಸಿನವರು, ಜಪಾನಿನವರು, ಜರ್ಮನಿಯವರು ಏದುಸಿರು ಬಿಡುತ್ತ ನನ್ನ ಹಿಂದೆ ಮೆಟ್ಟಿಲು ಹತ್ತಿದ್ದಾರೆ. ಅವರ ಪಾಸ್‌ಪೋರ್ಟುಗಳನ್ನು ಕೈಯಾರೆ ಹಿಡಿದು, ಲಾಡ್ಜಿನ ರಿಜಿಸ್ಟರಿನಲ್ಲಿ ಅವರ ಹೆಸರು ಬರೆದುಕೊಟ್ಟಿದ್ದೇನೆ. ನನಗೆ ಸ್ವಂತ ಪಾಸ್‌ಪೋರ್ಟ್ ಇಲ್ಲ ಎಂಬುದು ಬೇರೆ ಮಾತು.

ಆಮೇಲೆ ಕೊರೊನಾ ಬಂತು. ಪ್ರಪಂಚದ ದೇಶಗಳೆಲ್ಲ ಒಂದನ್ನು ನೋಡಿ ಒಂದು ಬಾಗಿಲು ಹಾಕಿಕೊಂಡವು. ದೊಡ್ಡ ದೊಡ್ಡ ಊರುಗಳಲ್ಲಿ ಕುಳಿತು ಬಾಗಿಲು ಹಾಕಿದ ಆ ಮಹನೀಯರಿಗೆ, ಬಾದಾಮಿಯಲ್ಲಿ ಒಬ್ಬ ಗೈಡ್ ಇದ್ದಾನೆ, ಅವನಿಗೂ ಹೊಟ್ಟೆ ಇದೆ ಎಂಬುದು ಗೊತ್ತಿರಲಿಲ್ಲ. ಲಾಡ್ಜುಗಳ ಹಾಸಿಗೆಗಳಿಗೆ ಧೂಳು ಹಿಡಿಯಿತು. ನನ್ನ ಟೂರಿಸ್ಟ್ ವ್ಯಾನಿನ ಕೆಳಗೆ ಬೆಕ್ಕು ಎರಡು ಸಲ ಮರಿ ಹಾಕಿತು. ಗುಹೆಯ ಕೋತಿಗಳು ಕೂಡ ಬಾಳೆಹಣ್ಣು ಕೊಡುವ ಪ್ರವಾಸಿಗರಿಲ್ಲದೆ ಊರೊಳಗೆ ಇಳಿದು, ಮಾಳಿಗೆಯ ಮೇಲೆ ಒಣಹಾಕಿದ ನಮ್ಮ ಹಪ್ಪಳ ಹೊತ್ತುಕೊಂಡು ಹೋದವು. ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಅವುಗಳದೂ ನನ್ನದೇ ಧಂದೆ.

ಇದೇ ಹೊತ್ತಿನಲ್ಲಿ ನನ್ನ ಹೆಂಡತಿ ಶಾಂತಾಳ ತಮ್ಮ ಮಲ್ಲು ಊರಲ್ಲಿ ಸಿಕ್ಕಿಬಿದ್ದ. ಅವನು ಸಮುದ್ರದ ನಡುವಿನ ಒಂದು ದ್ವೀಪ ದೇಶದಲ್ಲಿ, ರೆಸಾರ್ಟ್ ಒಂದರಲ್ಲಿ ಅಡುಗೆ ಕೆಲಸಕ್ಕಿದ್ದ. ಆ ದೇಶದ ಹೆಸರನ್ನು ನಮ್ಮ ಮನೆಯಲ್ಲಿ ಈಗ ಯಾರೂ ಎತ್ತುವುದಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ಅಲ್ಲಿ ಹೊಲವಿಲ್ಲ, ಗದ್ದೆಯಿಲ್ಲ, ಪ್ರವಾಸಿಗರು ಬಂದರೆ ಮಾತ್ರ ಒಲೆ ಹೊತ್ತುತ್ತದೆ. ಒಂದು ತಿಂಗಳ ರಜೆ ಎಂದು ಬಂದವನು ಒಂದು ವರ್ಷ ಇಲ್ಲೇ ಉಳಿದ.

ಅವನು ಬಂದ ದಿನದ ಸಂಗತಿಯನ್ನೂ ಹೇಳಿಬಿಡುತ್ತೇನೆ. ಆಗ ನಮ್ಮ ಓಣಿಯ ಬಾಯಿಗೆ ಮುಳ್ಳುಕಂಟಿ ಹಚ್ಚಿದ್ದರು. ಹಚ್ಚಿದವರಲ್ಲಿ ಮುಂದಾಳು ನಾನೇ. ಪರದೇಶದಿಂದ ಬಂದವನು ಎಂದು ನನ್ನ ಹೆಂಡತಿಯ ತಮ್ಮನನ್ನು ಕಂಟಿಯ ಆಚೆಯೇ ನಿಲ್ಲಿಸಿ, ಕೋಲಿನ ತುದಿಯಿಂದ, ಮಕ್ಕಳಿಲ್ಲದೆ ಮುಚ್ಚಿದ್ದ ಸಾಲಿಯ ದಾರಿ ತೋರಿಸಿದೆ. ಹದಿನಾಲ್ಕು ದಿನ ಅವನು ಸಾಲಿಯ ಬೆಂಚಿನ ಮೇಲೆ ಮಲಗಿದ. ಬೀಗರು, ನೆಂಟರು ಯಾರೂ ಅತ್ತ ಸುಳಿಯಲಿಲ್ಲ. ಬುತ್ತಿಯನ್ನು ದೂರದಲ್ಲಿಟ್ಟು ಓಡಿ ಬರುತ್ತಿದ್ದವನೂ ನಾನೇ.

ವರ್ಷ ಕಳೆಯಿತು. ರೋಗ ಇಳಿಯಿತು ಎಂದು ಎಲ್ಲರೂ ತಿಳಿದುಕೊಂಡಿದ್ದ ಆ ಎರಡನೆಯ ವರ್ಷದ ಬೇಸಿಗೆಯ ಮೊದಲಿಗೆ ರೆಸಾರ್ಟಿನಿಂದ ಮಲ್ಲುಗೆ ಫೋನ್ ಬಂತು. ಪ್ರವಾಸಿಗರು ಬರತೊಡಗಿದ್ದಾರೆ, ನೀನೂ ಬಾ, ತಡಮಾಡಿದರೆ ನಿನ್ನ ಜಾಗಕ್ಕೆ ಬೇರೆಯವರನ್ನು ತಗೋತೇವೆ ಎಂದಿದ್ದರು. ಮಲ್ಲು ಗುರುವಾರ ಬೆಳಗಿನ ವಿಮಾನಕ್ಕೆ ಟಿಕೆಟ್ ತೆಗೆಸಿದ. ಆ ಸಂಬಳದ ಮೇಲೆ ಅವನ ಹೆಂಡತಿ, ಇಬ್ಬರು ಮಕ್ಕಳು, ಅರ್ಧ ಕಟ್ಟಿದ ಮನೆ ಎಲ್ಲ ನಿಂತಿದ್ದವು.

"ಮಾಮಾ, ವಿಮಾನ ಏರೂ ಹೊತ್ತಿಗೆ ಕೊರೊನಾ ಟೆಸ್ಟು ಎಪ್ಪತ್ತೆರಡು ತಾಸಿನ ಒಳಗಿಂದ ಇರಬೇಕಂತ," ಎಂದ ಮಲ್ಲು.

"ನೀ ಸುಮ್ಮ ಕುಂಡ್ರು. ಪರದೇಶದ ಕಾಗದಪತ್ರ ಎಲ್ಲಾ ನಾ ನೋಡ್ಕೋತೇನಿ," ಎಂದೆ ನಾನು.

ಶಾಂತಾ ಒಳಗಿನಿಂದ, "ಅಂವಗ ತಿಳಿದೈತಿ, ಅಂವಾ ಮಾಡ್ಕೋತಾನ ಬಿಡ್ರಿ," ಎಂದಳು. ಇಂಥ ಮಾತು ಕೇಳಿದರೆ ಯಾವ ಗಂಡಸು ಸುಮ್ಮನಿದ್ದಾನು? ಸೋಮವಾರ ಬೆಳಿಗ್ಗೆ ಮಲ್ಲುವನ್ನು ವ್ಯಾನಿನಲ್ಲಿ ಹಾಕಿಕೊಂಡು ಬಾಗಲಕೋಟೆಗೆ ಹೋದೆ. ಹನ್ನೊಂದು ಗಂಟೆಗೆ ಅವನ ಮೂಗಿಗೆ, ಗಂಟಲಿಗೆ ಕಡ್ಡಿ ಹಾಕಿದರು. ಮಂಗಳವಾರ ಸಂಜೆ ಐದಕ್ಕೆ ರಿಪೋರ್ಟ್ ಬಂತು. ರೋಗವಿಲ್ಲ! ನಾನು ಅದರ ಪ್ರಿಂಟ್ ತೆಗೆಸಿ, ಅಂಗಡಿಯವನಿಗೆ ಹೇಳಿ ಲ್ಯಾಮಿನೇಷನ್ ಮಾಡಿಸಿದೆ. ಮೂರು ದಿನ ಬಾಳುವ ಕಾಗದಕ್ಕೆ ಮೂವತ್ತು ವರ್ಷ ಬಾಳುವ ಪ್ಲಾಸ್ಟಿಕ್ ಹೊದಿಸಿದ ಮನುಷ್ಯ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಬುಧವಾರ ಬೆಳಿಗ್ಗೆ ಏಳಕ್ಕೆ ನಾವಿಬ್ಬರೂ ಬೆಂಗಳೂರಿನ ದಾರಿ ಹಿಡಿದೆವು. ರಾತ್ರಿಯೊಳಗೆ ಮುಟ್ಟಿ, ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಅವನನ್ನು ವಿಮಾನಕ್ಕೆ ಹತ್ತಿಸುವುದು. ಇಷ್ಟೇ ಕೆಲಸ. ಆದರೆ ನಮ್ಮ ಕಡೆ ಪರದೇಶಕ್ಕೆ ಹೊರಟವನನ್ನು ಬೀಗರು ಉಣ್ಣಿಸದೆ ಕಳಿಸುವುದಿಲ್ಲ. ಒಬ್ಬರ ಮನೆಯಲ್ಲಿ ಉಂಡು ಇನ್ನೊಬ್ಬರ ಮನೆ ಬಿಟ್ಟರೆ ಆ ಮುನಿಸು ಮಕ್ಕಳ ಮದುವೆಯ ತನಕ ಇಳಿಯುವುದಿಲ್ಲ. ಬರುತ್ತೇವೆಂದು ಎಲ್ಲರಿಗೂ ಫೋನ್ ಮಾಡಿ ಹೇಳಿದವನು ಯಾರು ಎಂದು ದಯವಿಟ್ಟು ಕೇಳಬೇಡಿ.

ಗುಡೂರಿನಲ್ಲಿ ಮೊದಲ ಊಟ. ಹೋಳಿಗೆ, ತುಪ್ಪ, ಕಟ್ಟಿನ ಸಾರು. ಬೆಳಗಿನ ಎಂಟೂವರೆಗೆ! ಮಲ್ಲು ಎರಡು ಸಲ ಗಡಿಯಾರ ನೋಡಿದ. ನಾನು ಎರಡು ಸಲ ಹೋಳಿಗೆ ಹಾಕಿಸಿಕೊಂಡೆ.

ಇಳಕಲ್ಲಿಗೆ ಮುಟ್ಟಿದಾಗ ಹನ್ನೊಂದು. ಅಲ್ಲಿ ಶಾಂತಾಳ ಚಿಗವ್ವ ನೀಲವ್ವನ ಮನೆ. ಹೊರಪಡಸಾಲೆಯಲ್ಲಿ ಮಗ್ಗ, ಮಗ್ಗದ ಮೇಲೆ ದಾಳಿಂಬೆ ಬಣ್ಣದ ಸೀರೆ. ಮೈ ಪೂರ್ತಿ ಆಗಿತ್ತು, ಸೆರಗು ಬಾಕಿ ಇತ್ತು. ಎರಡನೆಯ ಊಟ ಬಡಿಸುತ್ತ ನೀಲವ್ವ ಹೇಳಿದಳು:

"ಅಳಿಯಾರ, ಒಂದು ವರ್ಷಾತು, ಊರ ನೋಡಾಕ ಬಂದು ಸೀರಿ ತಗೊಳ್ಳೂ ಮಂದಿನ ಇಲ್ಲ. ಈ ಸೀರಿ ಮಲ್ಲು ಒಯ್ದು ಅವರ ಮಾಲಕರ ಹೇಣತಿಗೆ ಕೊಡ್ಲಿ. ಅಲ್ಲಿ ಬರೂ ಪರದೇಶದ ಹೆಣ್ಮಕ್ಕಳ ಕಣ್ಣಿಗೆ ಬಿದ್ದರ ನಾಕು ಮಗ್ಗ ಉಳೀತಾವು. ನಾಳಿ ಸಂಜಿಕ ಸೆರಗು ಮುಗಸ್ತೇನಿ."

"ನಾಳಿ ಮುಂಜಾನಿ ನಂದು ವಿಮಾನ ಐತಿ ಚಿಗವ್ವ," ಎಂದ ಮಲ್ಲು.

ಅವನು ಅಷ್ಟು ಹೇಳಿದ್ದ. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ನನ್ನ ತಲೆಯೊಳಗೆ ಆಗಲೇ ದ್ವೀಪದ ತುಂಬ ಇಳಕಲ್ ಸೀರೆ ಉಟ್ಟ ಪರದೇಶದ ಹೆಂಗಸರು ಓಡಾಡುತ್ತಿದ್ದರು. ಈ ಸೀರೆ ಎಲ್ಲಿಯದು ಎಂದು ಅವರು ಕೇಳುತ್ತಿದ್ದರು. ಮುಂದಿನ ವಿಮಾನ ಹತ್ತಿ ಬಾದಾಮಿಗೆ ಬಂದು ನನ್ನ ವ್ಯಾನಿನಲ್ಲೇ ಕೂರುತ್ತಿದ್ದರು! ಒಂದು ದಿನ ತಡವಾದರೆ ಇಡೀ ತಾಲ್ಲೂಕಿನ ಹೊಟ್ಟೆ ತುಂಬುವುದಾದರೆ ತಡವಾಗಲಿ ಎಂದು ನಾನು ಊಟದ ತಾಟಿನ ಮುಂದೆಯೇ ಘೋಷಿಸಿದೆ.

"ಮಾಮಾ, ಟೆಸ್ಟಿನ ತಾಸು ಮೀರ್ತಾವು. ಕಡ್ಡಿ ಹಾಕಿದ ಹೊತ್ತಿನಿಂದ ಎಣಿಸ್ತಾರಂತ ಕಾಣತೈತಿ," ಎಂದ ಮಲ್ಲು ಮೆಲ್ಲಗೆ.

"ಲೇ ಮಲ್ಯಾ, ಕೂಸಿನ ವಯಸ್ಸು ಹುಟ್ಟಿದ ದಿನದಿಂದ ಎಣಿಸ್ತಾರೋ, ಬಸುರಾದ ದಿನದಿಂದ ಎಣಿಸ್ತಾರೋ? ನಿನ್ನ ರಿಪೋರ್ಟ್ ಹುಟ್ಟಿದ್ದು ಮಂಗಳವಾರ ಸಂಜಿ ಐದಕ್ಕ. ಎಪ್ಪತ್ತೆರಡು ತಾಸು ಅಂದ್ರ ಶುಕ್ರವಾರ ಸಂಜಿ ಐದು. ಶುಕ್ರವಾರ ಮುಂಜಾನಿ ವಿಮಾನ ಏರಿದ್ರ ಇನ್ನೂ ಏಳೂವರೆ ತಾಸು ಉಳೀತಾವು."

ಮನೆಯವರೆಲ್ಲ ತಲೆದೂಗಿದರು. ಮಲ್ಲುವಿನ ಫೋನ್ ಇಸಿದುಕೊಂಡು, ನನ್ನ ಇದೇ ಬೆರಳಿನಿಂದ ಟಿಕೆಟ್ಟನ್ನು ಶುಕ್ರವಾರಕ್ಕೆ ಬದಲಿಸಿದೆ. ಆ ಬೆರಳನ್ನು ನೋಡಿದರೆ ಈಗಲೂ ನನಗೆ ಮೈ ಉರಿಯುತ್ತದೆ.

ಬುಧವಾರ ರಾತ್ರಿ ಅಲ್ಲೇ ಮೂರನೆಯ ಊಟ. ಗುರುವಾರ ಬೆಳಿಗ್ಗೆ ಪಕ್ಕದ ಮನೆಯಲ್ಲಿ ನಾಲ್ಕನೆಯದು. ಅವನು ಏರಬೇಕಿದ್ದ ವಿಮಾನ ಹಾರುವ ಹೊತ್ತಿನಲ್ಲಿ ನಾವು ಚುರುಮುರಿ ಸೂಸಲ, ಮಿರ್ಚಿ ತಿನ್ನುತ್ತಿದ್ದೆವು. ಸಂಜೆಯವರೆಗೆ ಬಿಡುವಿದೆಯಲ್ಲ ಎಂದು, ಬೆಂಗಳೂರು ದಕ್ಷಿಣಕ್ಕಿದ್ದರೆ ನಾನು ವ್ಯಾನನ್ನು ಉತ್ತರಕ್ಕೆ, ಹುನಗುಂದಕ್ಕೆ ತಿರುಗಿಸಿದೆ. ಅಲ್ಲಿ ಮಲ್ಲುವಿನ ಸೋದರಮಾವನ ಮನೆ.

ಆ ಮುದುಕ ಐದನೆಯ ಊಟವನ್ನು ತಾನೇ ಬಡಿಸಿದ. ರೊಟ್ಟಿ ಹಾಕಿದ, ಎಣ್ಣೆಗಾಯಿ ಹಾಕಿದ, ಮಲ್ಲುವಿನ ಮುಂದೆಯೇ ಕುಂತುಬಿಟ್ಟ.

"ಹ್ವಾದ ವರ್ಷ ನೀ ಬಂದಾಗ ನಾ ಬಾಗಲಾ ತಗೀಲಿಲ್ಲೋ ಮಲ್ಲು. ಕಿಡಕ್ಯಾಗಿಂದ ನೋಡಿ ಸುಮ್ಮಾದೆ. ಅದು ನನ್ನ ಎದ್ಯಾಗ ಕುಂತೈತಿ. ಇನ್ನೊಂದು ರೊಟ್ಟಿ ತಿನ್ನು."

ಮಲ್ಲು ತಲೆಯೆತ್ತದೆ ತಿಂದ. ಹೊಟ್ಟೆಯಲ್ಲಿ ಜಾಗವಿಲ್ಲದಿದ್ದರೂ ತಿಂದ. ನನಗೆ ಸಿಟ್ಟು ಬಂತು. ಅವತ್ತು ಬಾಗಿಲು ಮುಚ್ಚಿದವರೆಲ್ಲ ಇವತ್ತು ಇವನ ದಾರಿಗೆ ಅಡ್ಡವಾಗಿ ತಾಟು ಹಿಡಿದು ನಿಂತಿದ್ದಾರಲ್ಲ, ನಮ್ಮ ತಪ್ಪು ತೊಳೆದುಕೊಳ್ಳಲು ಇವನ ಹೊಟ್ಟೆಯೇ ಬೇಕಾಯಿತೇ ಎಂದು ಜಗಳ ತೆಗೆಯಬೇಕೆನಿಸಿತು. ಆದರೆ ಆ ಮಾತು ಹೇಳಲು ನಾನು ಯಾವ ಬಾಯಿ ತೆರೆಯಲಿ? ಬಾಯಿಯ ತುಂಬ ರೊಟ್ಟಿ ಇತ್ತು. ಮುದುಕ ಇನ್ನೊಂದು ಹಾಕಿದ, ನಾನು ಅದನ್ನೂ ತಿಂದೆ.

ಸಂಜೆ ಇಳಕಲ್ಲಿಗೆ ಮರಳಿ, ಆರನೆಯ ಊಟ ಮುಗಿಸಿ, ಸೀರೆ ತೆಗೆದುಕೊಂಡು ಹೊರಟೆವು. ಶುಕ್ರವಾರ ಬೆಳಿಗ್ಗೆ ಆರಕ್ಕೆ ಬೆಂಗಳೂರಿನ ವಿಮಾನ ನಿಲ್ದಾಣದ ಮುಂದೆ ನಿಂತಿದ್ದೆವು. ಎಷ್ಟು ಮುಂಚೆ ಬಂದಿದ್ದೇವೆ ನೋಡು ಎಂದು ಮಲ್ಲುಗೆ ಹೇಳಿ, ಲ್ಯಾಮಿನೇಷನ್ ಮಾಡಿಸಿದ ರಿಪೋರ್ಟನ್ನು ಎದೆಗೆ ಹಿಡಿದು ಬಾಗಿಲ ಕಡೆ ನಡೆದೆ. ಬಂದೂಕು ಹಿಡಿದ ಜವಾನ ನನ್ನನ್ನು ತಡೆದು ಟಿಕೆಟ್ ಕೇಳಿದ.

ನನ್ನ ಹತ್ತಿರ ಟಿಕೆಟ್ ಇರಲಿಲ್ಲ. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ ಎಂಬ ಸಂಗತಿ, ಅಂತರರಾಷ್ಟ್ರೀಯ ವ್ಯವಹಾರಗಳ ತಜ್ಞನಾದ ನನಗೆ ಆ ಕ್ಷಣದವರೆಗೆ ತಿಳಿದಿರಲಿಲ್ಲ. ನಾನು ಗೈಡ್ ಎಂದೆ. ಜವಾನ ಪಕ್ಕಕ್ಕೆ ಸರಿಯಲು ಹೇಳಿದ. ಮಲ್ಲು ರಿಪೋರ್ಟ್ ತೆಗೆದುಕೊಂಡು, ನನ್ನ ಕಾಲು ಮುಟ್ಟಿ ಒಳಗೆ ಹೋದ. ನಾನು ಗಾಜಿನ ಈಚೆ ಕೈಬೀಸುತ್ತ ನಿಂತೆ.

ಇಪ್ಪತ್ತು ನಿಮಿಷದ ಮೇಲೆ ಫೋನ್ ಬಂತು.

"ಮಾಮಾ, ಕಡ್ಡಿ ಹಾಕಿದ ಹೊತ್ತು ನೋಡಿದ್ರು. ವಿಮಾನ ಬಿಡೂ ಹೊತ್ತಿಗೆ ತೊಂಬತ್ನಾಕೂವರಿ ತಾಸು ಆಗ್ತೈತಂತ. ಬಿಡಂಗಿಲ್ಲ ಅಂತಾರ."

"ಫೋನ್ ಅವರಿಗೆ ಕೊಡು," ಎಂದು ಗುಡುಗಿದೆ. ಕೌಂಟರಿನ ಹುಡುಗಿ ಫೋನ್ ತೆಗೆದುಕೊಂಡಳು. ನಾನು ಗೈಡಿನ ಇಂಗ್ಲಿಷಿನಲ್ಲಿ ಕೂಸು, ಬಸುರು, ಹುಟ್ಟಿದ ದಿನ ಎಲ್ಲವನ್ನೂ ವಿವರಿಸಿದೆ. ಅವಳು ಪೂರ್ತಿ ಕೇಳಿ, ಕನ್ನಡದಲ್ಲೇ ಶಾಂತವಾಗಿ ಹೇಳಿದಳು:

"ಸರ್, ರಿಪೋರ್ಟಲ್ಲಿ ಎರಡು ಸಮಯ ಇದೆ. ಮೇಲಿನ ಸಾಲು ಮಾದರಿ ತಗೊಂಡಿದ್ದು, ಕೆಳಗಿನದು ರಿಪೋರ್ಟ್ ಕೊಟ್ಟಿದ್ದು. ನಮಗೆ ಮೇಲಿನ ಸಾಲು ಬೇಕು. ನೀವು ಓದಿಲ್ವಾ ಸರ್?"

ಸಾವಿರದ ನಾನೂರು ವರ್ಷದ ಹಿಂದೆ ಬಂಡೆಯ ಮೇಲೆ ಕೆತ್ತಿದ ಅಕ್ಷರಗಳನ್ನು ಪರದೇಶದವರಿಗೆ ಬೆರಳಿಟ್ಟು ಓದಿ ಹೇಳುವವನು ನಾನು. ಮೊನ್ನೆ ಬಾಗಲಕೋಟೆಯಲ್ಲಿ ಅಚ್ಚಾದ ಕಾಗದದ ಮೇಲಿನ ಸಾಲನ್ನು ಓದಿರಲಿಲ್ಲ. ಸಿಟ್ಟಿನಿಂದ ವ್ಯಾನಿನ ಗಾಲಿಗೆ ಒದ್ದೆ. ಗಾಲಿಗೆ ಏನೂ ಆಗಲಿಲ್ಲ, ನನ್ನ ಹೆಬ್ಬೆರಳಿನ ಉಗುರು ಹೋಯಿತು.

ಮುಂದಿನ ವಿಮಾನ ಮಂಗಳವಾರಕ್ಕಿತ್ತು. ರೆಸಾರ್ಟಿನವರು ಮಂಗಳವಾರ ಬಂದರೂ ನಡೆಯುತ್ತದೆ ಎಂದರು. ಭಾನುವಾರ ಇನ್ನೊಂದು ಟೆಸ್ಟ್ ಮಾಡಿಸೋಣ ಎಂದು ಬೆಂಗಳೂರಿನಲ್ಲೇ ಒಂದು ಲಾಡ್ಜಿನಲ್ಲಿ ಉಳಿದೆವು. ಭಾನುವಾರ ಬೆಳಿಗ್ಗೆ ಲಾಡ್ಜಿನ ಟಿವಿಯಲ್ಲಿ ಸುದ್ದಿ ಬಂತು. ನಮ್ಮ ದೇಶದಲ್ಲಿ ರೋಗ ಮತ್ತೆ ಏರಿದ್ದರಿಂದ, ಇಲ್ಲಿಂದ ಹೋಗುವವರಿಗೆ ಆ ದ್ವೀಪದವರು ಅಂದಿನಿಂದ ಬಾಗಿಲು ಹಾಕಿದ್ದರು. ಎಲ್ಲಿಯವರೆಗೆ ಎಂದು ಹೇಳಿರಲಿಲ್ಲ. ಗುರುವಾರ ಹೋದವರು ಒಳಗೆ ಉಳಿದರು.

ನಾನು ಟಿವಿಗೆ ಬೈದೆ, ದ್ವೀಪಕ್ಕೆ ಬೈದೆ, ನಕಾಶೆಯ ಮೇಲೆ ಗೀಟು ಎಳೆದು ಇದು ನಿನ್ನದು ಇದು ನನ್ನದು ಎಂದು ಮೊದಲು ಹೇಳಿದವನ ವಂಶಕ್ಕೆಲ್ಲ ಬೈದೆ. ದುಡಿಯಲು ಹೋಗುವವನಿಗೆ ದಿನಕ್ಕೊಂದು ಕಾಯ್ದೆ ಮಾಡುವವರು, ಅವನ ಮನೆಯಲ್ಲಿ ಎಷ್ಟು ಬಾಯಿ ಇವೆ ಎಂದು ಒಮ್ಮೆಯಾದರೂ ಕೇಳಿದ್ದಾರೆಯೇ? ಮಲ್ಲು ಬೈಯಲಿಲ್ಲ. ರೆಸಾರ್ಟಿಗೆ ಫೋನ್ ಮಾಡಿದ. ಅಲ್ಲೇ ಇದ್ದ ಬೇರೆ ದೇಶದವನೊಬ್ಬನನ್ನು ಅವನ ಜಾಗಕ್ಕೆ ಹಾಕಿಕೊಂಡಿದ್ದಾರಂತೆ. ಹೌದ್ರಿ, ಆತ್ರಿ ಎನ್ನುವ ಹಾಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ಫೋನ್ ಇಟ್ಟ.

"ನನಗ ಬೈಯ್ಯೋ ಮಲ್ಲು," ಎಂದೆ.

"ನೀವೇನ ಬೇಕಂತ ಮಾಡೀರೇನ ಮಾಮಾ, ಬಿಡ್ರಿ," ಎಂದ.

ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬರುವಾಗ ಇಳಕಲ್ ಬಂದಾಗ, ಹಿಂದಿನ ಸೀಟಿನ ಮೇಲಿದ್ದ ಸೀರೆಯನ್ನು ಮರಳಿ ಕೊಡಲೆಂದು ನಾನು ವ್ಯಾನಿನ ವೇಗ ಇಳಿಸಿದೆ. ಅವನು ರಸ್ತೆಯನ್ನೇ ನೋಡುತ್ತ, "ನಿಲ್ಲಿಸಬ್ಯಾಡ್ರಿ," ಎಂದ. ಹಾಗೆಯೇ ದಾಟಿ ಬಂದೆವು.

ಮನೆ ಮುಟ್ಟಿದಾಗ ಶಾಂತಾ ಬಾಗಿಲಲ್ಲಿ ನಿಂತಿದ್ದಳು. ಫೋನಿನಲ್ಲಿ ಎಲ್ಲ ತಿಳಿದಿತ್ತು. ತಮ್ಮನ ಕೈಗೆ ನೀರು ಕೊಟ್ಟು, ಒಳಗೆ ಕರೆದೊಯ್ದು, ತಾಟು ಇಟ್ಟು, ಬಿಸಿ ರೊಟ್ಟಿ ಹಾಕಿದಳು. ನಾನೂ ಕೈ ತೊಳೆದುಕೊಂಡು ಅವನ ಪಕ್ಕದಲ್ಲಿ ಕುಳಿತೆ. ನನ್ನ ಮುಂದೆ ತಾಟು ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ಕೆಮ್ಮಿದೆ.

ಶಾಂತಾ ಒಲೆಯ ಕಡೆಯಿಂದ ತಿರುಗದೆ, ದನಿ ಏರಿಸದೆ ಹೇಳಿದಳು:

"ಆರು ಸಲ ಕುಂತು ನನ್ನ ತಮ್ಮನ ನೌಕರಿ ಉಂಡು ಬಂದೀರಿ. ನಿಮಗ ಹೊಟ್ಟಿ ತುಂಬಿರಬೇಕು."

ತುಂಬಿತ್ತು. ಮೂರು ದಿನ ನನಗೆ ಹಸಿವೆಯೇ ಆಗಲಿಲ್ಲ.