ನಾನು ಅಳೆಯದೆ ಬರೆದ ಎಣ್ಣೆ

ತಮ್ಮ ನನಗೆ ಒಪ್ಪಿಸಿದ್ದು ಒಂದೇ ಕೆಲಸ: ಎಣ್ಣೆ ಇಳಿಯುವುದನ್ನು ಕೂತು ನೋಡುವುದು. ಅದನ್ನು ನಾನು ಮಾಡಲಿಲ್ಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನಾದರೂ ಆದೋನಿಯಲ್ಲಿ ಇಪ್ಪತ್ತು ವರ್ಷ ಎಣ್ಣೆ ಮಾರಿದವನು ನಾನು. ಬೆರಳಲ್ಲಿ ತಿಕ್ಕಿ ನೋಡಿ ಯಾವ ಗಾಣದ್ದೆಂದು ಹೇಳಬಲ್ಲೆ. ಅಂಥವನು ಎಣ್ಣೆಯ ಮುಂದೆಯೇ ಸೋತನೆಂದರೆ ಯಾರೂ ನಂಬುವುದಿಲ್ಲ. ಅದಕ್ಕೇ ನಾನೇ ಹೇಳಬೇಕಾಗಿದೆ.

ತಮ್ಮ ವೀರಭದ್ರ ಮದರಾಸಿನ ಕಾಲೇಜಿನಲ್ಲಿ ಓದುತ್ತಿದ್ದ. ರಜೆಗೆ ಬರುವಾಗ ಕೂದಲಿನಂಥ ರಂಧ್ರದ ಗಾಜಿನ ಕೊಳವೆಯೊಂದನ್ನು ತಂದ. ಶೇಂಗಾ ಎಣ್ಣೆಗೆ ಹರಳೆಣ್ಣೆ ಬೆರೆಸುತ್ತ ಹೋದಂತೆ ಮಂದ ಎಷ್ಟು ಏರುತ್ತದೆಂದು ಅಳೆಯಬೇಕಂತೆ. ಕೊಳವೆಯ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು ಹಿಡಿಯುವ ಹೊತ್ತೇ ಅಳತೆ. ಆ ಅಳತೆಗಳನ್ನು ಬರೆದ ಕಾಗದ ನೋಡಿಯೇ ಅವನ ಮೇಷ್ಟರು ಅವನನ್ನು ಮುಂದೆ ಓದಲು ಉಳಿಸಿಕೊಳ್ಳುವುದೋ ಬಿಡುವುದೋ ತೀರ್ಮಾನಿಸುವವರು.

ಬರೀ ಶೇಂಗಾ ಎಣ್ಣೆ ಒಂದು ನಿಮಿಷಕ್ಕೆ ಇಳಿಯಿತು. ಬರೀ ಹರಳೆಣ್ಣೆಗೆ ಹನ್ನೆರಡು. ಮಾವನ ಮನೆಯಿಂದ ಹೊರಡುವ ಅಳಿಯನೂ ಅಷ್ಟು ತಡಮಾಡುವುದಿಲ್ಲ. ಕಾಲು ಭಾಗ ಹರಳೆಣ್ಣೆ ಬೆರೆಸಿದ್ದನ್ನು ತಮ್ಮ ನನ್ನೆದುರೇ ಮೂರು ಸಲ ಅಳೆದ. ಮೂರು ಸಲವೂ ಎರಡು ನಿಮಿಷ ತುಂಬಲಿಲ್ಲ.

"ಅರ್ಧದ್ದು, ಮುಕ್ಕಾಲಿನದು ನೀ ನೋಡಣ್ಣ. ನಾ ಕೋಸಗಿಗೆ ಅತ್ತಿ ಮನಿಗೆ ಹೋಗಿ ಬರ್ತೀನಿ" ಎಂದು ಗಡಿಯಾರ ನನ್ನ ಕೈಗಿಟ್ಟ.

ಊಟವಾಗಿತ್ತು. ಹರಳೆಣ್ಣೆ ಇಳಿಯುವುದನ್ನು ನೋಡುವುದೂ ನಿದ್ದೆಯೂ ಒಂದೇ ಎನಿಸಿತು. ಎದ್ದಾಗ ತಮ್ಮ ಬರುವ ರೈಲಿನ ಹೊತ್ತಾಗಿತ್ತು. ಬಿಸಿನೀರೂ ತಣ್ಣೀರೂ ಸಮ ಬೆರೆಸಿದರೆ ನಡುವಿನ ಬಿಸಿಗೆ ಬರುವುದಿಲ್ಲವೇ? ಎಣ್ಣೆಗೇನು ಬೇರೆ ಕಾನೂನೇ? ಒಂದಕ್ಕೂ ಹನ್ನೆರಡಕ್ಕೂ ನಡುವೆ ಆರೂವರೆ. ಬರೆದೆ. ಮುಕ್ಕಾಲಿಗೆ ಒಂಬತ್ತೂ ಕಾಲು. ಆ ಕಾಲನ್ನು ಬರೆದದ್ದು ವಿಜ್ಞಾನದ ಮೇಲಿನ ಗೌರವದಿಂದ.

"ತೊಳದಿಟ್ಟ ಕೊಳವಿ ತೊಳದಂಗ ಐತಲ್ರಿ, ಎಣ್ಣಿ ಯಾವಾಗ ಇಳೀತು?" ಎಂದಳು ಹೆಂಡತಿ.

"ಎಣ್ಣಿ ಸುದ್ದಿ ನನಗ ಹೇಳ್ತಿಯೇನು?" ಎಂದೆ.

ತಮ್ಮ ಬಂದು ಚೌಕುಳಿ ಕಾಗದದ ಮೇಲೆ ಚುಕ್ಕಿ ಇಟ್ಟ. ಅವುಗಳ ಮೇಲೆ ಅಡಿಪಟ್ಟಿ ಇಟ್ಟು ನೋಡಿದ. "ನಿನ್ನವೆರಡೂ ದಾರ ಹಿಡದಂಗ ನೆಟ್ಟಗ ಅದಾವ ಅಣ್ಣ. ನಂದೊಂದಾ ಕೆಳಗ ಬಿದ್ದೈತಿ. ಎಣ್ಣಿ ವಿಷಯದಾಗ ನಿನ್ನ ಕೈ ತಪ್ಪಂಗಿಲ್ಲ. ನಾನಾ ತಪ್ಪೀನಿ." ತನ್ನ ಮೂರು ಅಳತೆಗಳನ್ನೂ ಹೊಡೆದುಹಾಕಲು ಪೆನ್ಸಿಲು ಎತ್ತಿದ.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಏನಾದರೂ ಹೇಳಿದ್ದರೆ ಜಗಳವಾಡಿ ಪಾರಾಗುತ್ತಿದ್ದೆ. ನಾನು ತಮ್ಮನ ಕೈ ಹಿಡಿದೆ.

"ತಪ್ಪಾತು ವೀರಭದ್ರ. ನಾ ಅಳೀಲೇ ಇಲ್ಲ, ಮಕ್ಕೊಂಡಿದ್ದೆ. ನಿಂದಾ ಖರೇ ಐತಿ. ಹೊಡದು ಹಾಕೋದಿದ್ರ ನಂದು ಹಾಕು."