ಶಿವಪ್ರಕಾಶ ವಿಲನ್ನೋ ಅಲ್ಲವೋ

ಧಾರಾವಾಹಿ ನೋಡುವುದಿಲ್ಲ ಎಂದು ಹೇಳಿಕೊಳ್ಳುವ ಗಂಡಸರೆಲ್ಲ ಕೈಯಲ್ಲಿ ಪೇಪರ್ ಹಿಡಿದು ಟೀವಿಯ ಕಡೆ ಕಿವಿ ಕೊಟ್ಟಿರುತ್ತಾರೆ. ನಾನೂ ಹಾಗೇ ಶುರು ಮಾಡಿದವನು. ಈಗ ಪೇಪರಿನ ನಾಟಕವೂ ಇಲ್ಲ. ಹೊಸಕೋಟೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ನಾನು ಸಂಜೆ ಬಸ್ಸು ಹಿಡಿದು ಸೂಲಿಬೆಲೆಗೆ ಬಂದು, ಕೈಕಾಲು ತೊಳೆದು, ನೇರವಾಗಿ ಅಮ್ಮನ ಪಕ್ಕ ಕೂತು ಜಗಳ ಶುರು ಮಾಡುತ್ತೇನೆ. ಜಗಳಕ್ಕೆ ಕಾರಣ ಶಿವಪ್ರಕಾಶ.

ಶಿವಪ್ರಕಾಶ ನಾವು ನೋಡುವ ಧಾರಾವಾಹಿಯ ದೊಡ್ಡಣ್ಣ. ತಂಗಿಗೆ ನಿಶ್ಚಯವಾಗಿದ್ದ ಹುಡುಗ ಸರಿಯಿಲ್ಲವೆಂದು ತಿಳಿದು, ಅವಳಿಗೆ ಒಂದು ಮಾತೂ ಹೇಳದೆ ಗಂಡಿನ ಮನೆಗೆ ಹೋಗಿ, ನಮ್ಮ ಹುಡುಗಿಗೆ ಇಷ್ಟವಿಲ್ಲವಂತೆ ಎಂದು ಸುಳ್ಳು ಹೇಳಿ ಮದುವೆ ಮುರಿದು ಬಂದ. ತಂಗಿ ಇನ್ನೂ ಅಳುತ್ತಿದ್ದಾಳೆ. ನನ್ನ ವಾದ ಇಷ್ಟೇ: ಇದರಲ್ಲಿ ಅವನಿಗೇನು ಲಾಭ? ವಿಲನ್ ಆದವನಿಗೆ ಒಂದು ದುರುದ್ದೇಶ ಬೇಡವೇ? ಹೋಗಲಿ, ಒಂದು ಓರೆನಗೆಯಾದರೂ ಬೇಡವೇ? ಈ ಬಡಪಾಯಿ ತಂಗಿಗಿಂತ ಹೆಚ್ಚು ಅತ್ತಿದ್ದಾನೆ. ನನ್ನ ಹೆಂಡತಿ ಶೋಭಾ ಮುದ್ದೆ ಕಟ್ಟುತ್ತಲೇ, ಅವನು ವಿಲನ್ ಅಲ್ಲ, ಆದರೆ ಅಂಥವನ ಜೊತೆ ಸಂಸಾರ ಮಾಡುವುದು ಕಷ್ಟ ಎಂದು ನನ್ನ ಮುಖ ನೋಡಿದಳು. ಅಮ್ಮನದು ಮಾತ್ರ ಒಂದೇ ಹಠ.

"ಕೇಳ್ದೆ ಒಳ್ಳೇದು ಮಾಡಕ್ಕೆ ಇವನ್ಯಾರು? ಬಾಳೋಳು ಅವ್ಳು ತಾನೇ? ಇವನೇ ವಿಲನ್ನು."

ನಾನು ಇಷ್ಟು ಬಿಸಿಯಾಗಿ ವಾದಿಸಲು ಕಾರಣವಿತ್ತು. ಅಮ್ಮನಿಗೆ ಮಂಡಿ ನೋವು. ಆದರೂ ನಮ್ಮ ಹಸು ಗೌರಿಯ ಕೆಚ್ಚಲಿಗೆ ಬೇರೆಯವರು ಕೈ ಹಾಕುವಂತಿಲ್ಲ. ಕುಕ್ಕರುಗಾಲಲ್ಲಿ ಕೂತು ತಾನೇ ಹಾಲು ಕರೆದು, ಕ್ಯಾನು ಹಿಡಿದು ಡೈರಿಗೆ ಹೋಗುತ್ತಾಳೆ. ಹಾಲು ಅಲ್ಲಿ ಬಿಟ್ಟು ಊರ ಸುದ್ದಿ ತುಂಬಿಕೊಂಡು ಬರುತ್ತಾಳೆ. ಹಸು ಮಾರೋಣ ಎಂದರೆ ನನ್ನೊಡನೆ ಮಾತು ಬಿಡುತ್ತಾಳೆ. ಆದ್ದರಿಂದ ನಾನು ಕೇಳುವುದನ್ನೇ ಬಿಟ್ಟು, ಅನುಗೊಂಡನಹಳ್ಳಿಯ ಮುನಿರಾಜುವಿಗೆ ಗೌರಿಯನ್ನು ಕೊಡುತ್ತೇನೆಂದು ಗುಟ್ಟಾಗಿ ಮಾತು ಕೊಟ್ಟುಬಿಟ್ಟಿದ್ದೆ. ಅಮ್ಮನಿಗೆ ನಿಧಾನವಾಗಿ ಹೇಳಿದರಾಯಿತು, ಅಷ್ಟರಲ್ಲಿ ಶಿವಪ್ರಕಾಶನ ವಿಷಯದಲ್ಲಿ ಅವಳ ಮನಸ್ಸು ಮೆತ್ತಗಾಗಲಿ ಎಂಬುದು ನನ್ನ ಲೆಕ್ಕಾಚಾರ.

ಮುನಿರಾಜು ಭಾನುವಾರ ಬೆಳಿಗ್ಗೆಯೇ, ಫೋನೂ ಮಾಡದೆ ಬಂದ. ಯಾರೋ ಸ್ನೇಹಿತ, ಈ ದಾರಿಯಲ್ಲಿ ಹೋಗುತ್ತ ಬಂದಿದ್ದಾನೆ ಎಂದು ಸಬೂಬು ಹೇಳಬಹುದಿತ್ತು. ಆದರೆ ಅವನ ಹೆಗಲ ಮೇಲೆ ಹೊಸ ಹಗ್ಗವಿತ್ತು. ನಮ್ಮ ಕಡೆ ಹಸು ಮಾರಿದವರು ಹಗ್ಗ ಕೊಡುವುದಿಲ್ಲ. ಹಗ್ಗದ ಜೊತೆ ಕೊಟ್ಟಿಗೆಯ ಲಕ್ಷ್ಮಿಯೂ ಹೋಗಿಬಿಡುತ್ತಾಳೆಂದು ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಕೊಂಡವರೇ ಹೊಸದು ತರಬೇಕು. ಟೀವಿಯಲ್ಲಿ ಮರುಪ್ರಸಾರ ನೋಡುತ್ತಿದ್ದ ಅಮ್ಮ ಹಗ್ಗವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಗೋಡೆ ಹಿಡಿದು ಎದ್ದು, ಹೋಗಿ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಳು. ಅವಳ ಕಣ್ಣು ತುಂಬಿದ್ದು ನೋಡಿ ನನಗೆ ಸಂಕಟವಾಯಿತು.

ಮುನಿರಾಜುವಿಗೆ ಎಲ್ಲ ಅರ್ಥವಾಯಿತು. ತಾಯಿಗೇ ಹೇಳದೆ ವ್ಯಾಪಾರ ಮಾಡುವವನು ಎಂಥ ಗಂಡಸು ಎಂದು ನನ್ನ ಮೇಲೆ ರೇಗಿದ. ಕೊನೆಗೆ ಅಮ್ಮನೇ ಅವನನ್ನು ಸಮಾಧಾನ ಮಾಡಿದಳು.

"ಬೇಜಾರ್ ಮಾಡ್ಕೋಬೇಡ ಕಣಪ್ಪಾ, ಹಸ ಕೊಡಲ್ಲ. ನನ್ ಮಗ ಕೆಟ್ಟೋನಲ್ಲ. ನನ್ ಒಳ್ಳೇದಕ್ಕೇ ಮಾಡವ್ನೆ."

ಶಿವಪ್ರಕಾಶನ ಬಗ್ಗೆ ಈ ಒಂದು ಮಾತನ್ನು ಅವಳ ಬಾಯಿಂದ ಹೊರಡಿಸಲು ನಾನು ದಿನಾ ಸಂಜೆ ಗಂಟಲು ಹರಿದುಕೊಂಡಿದ್ದೆ. ಈಗ ಅದೇ ಮಾತನ್ನು ನನ್ನ ಬಗ್ಗೆ ಕೇಳಿದಾಗ, ವಿಲನ್ ಎಂದು ಬೈದಿದ್ದರೇ ವಾಸಿಯಿತ್ತು ಅನ್ನಿಸಿತು.